ಪಂಕ್ತಿ ತಪ್ಪಿದ್ದಕ್ಕೆ ಪರಿಹಾರ

"ಆಕ್ಸಿಡೆಂಟ್ ಆದ್ಮೇಲೆ ನಿಮ್ಮ ಸಂಬಳ ಏನಾದ್ರೂ ಕಡಿಮೆ ಆಯ್ತೇನ್ರೀ?"

"ಇಲ್ಲ ಸಾ."

"ಕೆಲಸ?"

"ಅದೇ ಕೆಲ್ಸ ಸಾ. ಕೂತ್ಕಂಡ್ ಮಾಡೋದು."

ವಿಮಾ ಕಂಪನಿಯ ವಕೀಲರು ನ್ಯಾಯಾಧೀಶರ ಕಡೆ ನೋಡಿ ಸಣ್ಣಗೆ ನಕ್ಕರು. ಕೇಸು ಮುಗಿದ ಹಾಗೇ ಎಂದುಕೊಂಡೆ.

ನಂಜನಗೂಡಿನ ಕೋರ್ಟಿನಲ್ಲಿ ಕಟಕಟೆ ಹಿಡಿದು ನಿಂತಿದ್ದವರು ನಮ್ಮ ಪಕ್ಕದ ಮನೆಯ ಮಹದೇವು. ಹುಟ್ಟೂರು ಹೆಮ್ಮರಗಾಲ. ತಿ. ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವರ ಸ್ಕೂಟರಿಗೆ ಲಾರಿ ಗುದ್ದಿತು. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿಗಿಂತ ಮೇಲೆ ತೆಗೆಯಬೇಕಾಯಿತು. ಈಗ ಇರುವುದು ಕೃತಕ ಕಾಲು. (ಜೊತೆಗಿರಲಿ ಎಂದು ನಾನೂ ರಜೆ ಹಾಕಿ ಹೋಗಿದ್ದೆ.)

ಅವರ ವಕೀಲರು ಮೊದಲೇ ಹೇಳಿಕೊಟ್ಟಿದ್ದರು. "ಹೆಚ್ಚು ಹೊತ್ತು ಕೂರಕ್ಕಾಗಲ್ಲ, ಕೆಲಸ ಬಿಡ್ಬೇಕಾಗುತ್ತೆ ಅನ್ರೀ." ಮಹದೇವು ಒಪ್ಪಿರಲಿಲ್ಲ. "ದಿನಾ ಓಗ್ತಿವ್ನಲ್ಲ ಸಾ. ಸುಳ್ಳ್ ಯಾಕೇಳ್ಲಿ?"

ನೀವೇ ಹೇಳಿ, ಸಂಬಳ ಕಡಿಮೆಯಾಗದಿದ್ದರೆ ನಷ್ಟವೇ ಆಗಿಲ್ಲವೇ?

ನ್ಯಾಯಾಧೀಶರಿಗೂ ಇದೇ ಪ್ರಶ್ನೆ ಬಂದಿರಬೇಕು. ತಾವೇ ಕೇಳಿದರು. "ಸಂಬಳ ಬಿಡಿ. ಮುಂಚೆ ಮಾಡ್ತಿದ್ದು, ಈಗ ಆಗದೇ ಇರೋದು ಏನು?"

ಮಹದೇವು ಹೇಳಿದರು.

"ನೆಲದ್ ಮ್ಯಾಲೆ ಕಾಲ್ ಮಡಿಸಿ ಕೂರಕ್ಕಾಗಲ್ಲ ಸ್ವಾಮಿ. ಮದ್ವೆ ಮನೇಲಿ ಎಲ್ರೂ ಪಂಕ್ತೀಲಿ ಕೂತ್ರೆ ನನಗೊಬ್ಬನಿಗೆ ಮೂಲೇಲಿ ಕುರ್ಚಿ ಆಕ್ತಾರೆ. ಪಾಪ, ಮರ್ಯಾದೆಗೇ ಆಕ್ತಾರೆ. ಆದ್ರೆ ನಮ್ಮಪ್ಪನ್ನ ಜಾತಿ ನೋಡಿ ಬ್ಯಾರೆ ಕೂರಿಸೋರು, ಜಗಲಿಯಿಂದಾಚೆ. ನಾನು ಓದಿ, ನೌಕ್ರಿ ಇಡ್ದು, ಎಲ್ರ ಜೊತೆ ಎಲೆ ಮುಂದೆ ಕೂತೆ. ಈಗ ತಿರ್ಗಾ ಬ್ಯಾರೆ ಕೂತಿವ್ನಿ. ಅದ್ಕೇ ಯಾರ್ ಮನೆ ಊಟಕ್ಕೂ ಓಗೋದ್ ಬಿಟ್ಬುಟ್ಟೆ."

ಅದರ ಹಿಂದಿನ ತಿಂಗಳು ನಮ್ಮ ಮೊಮ್ಮಗಳ ನಾಮಕರಣಕ್ಕೂ ಅವರು ಬಂದಿರಲಿಲ್ಲ. ಕಾಲುನೋವಿರಬೇಕು ಎಂದುಕೊಂಡಿದ್ದೆವು!

ವಿಮೆಯ ವಕೀಲರು ಫೈಲು ಮುಚ್ಚಿದರು.

ಕಳೆದ ವಾರ ತೀರ್ಪಿನ ಪ್ರತಿ ಕೈಗೆ ಬಂತು. ಗಳಿಕೆಯ ನಷ್ಟಕ್ಕೆ ಕೊಟ್ಟದ್ದು ಕಡಿಮೆಯೇ. 'ಬದುಕಿನ ಸುಖ ಸಂತೋಷಗಳ ನಷ್ಟ' ಎಂಬ ಬಾಬ್ತಿನಲ್ಲಿ ಮಾತ್ರ ನ್ಯಾಯಾಧೀಶರು ನಮ್ಮ ವಕೀಲರೂ ನಿರೀಕ್ಷಿಸಿರದಷ್ಟು ಮೊತ್ತ ಬರೆದಿದ್ದರು. ಪಂಕ್ತಿಯ ಮಾತನ್ನೂ ಕಾರಣವಾಗಿ ಕಾಣಿಸಿದ್ದರು.

ಮಹದೇವು ಅದನ್ನು ಹೆಂಡತಿ ರತ್ನಮ್ಮನಿಗೆ ಓದಿ ಹೇಳುವಾಗ ನಾನು ಅಲ್ಲೇ ಇದ್ದೆ.

"ಒಟ್ಟು ಎಷ್ಟು ಬತ್ತದಂತೆ?" ಎಂದರು ಆಕೆ.

"ತಡೀ, ಮೊದ್ಲು ಇದ ಕೇಳು. ನಮ್ಮಪ್ಪನ್ ಇಸ್ಯನೂ ಬರ್ದವ್ರೆ ಕಣೇ!" ಎಂದು ಅದೇ ಸಾಲನ್ನು ಮತ್ತೆ ಓದಿದರು. ರತ್ನಮ್ಮ ದುಡ್ಡಿನ ಮಾತು ಬಿಟ್ಟು, ಕೇಳುತ್ತಾ ಪಕ್ಕದಲ್ಲಿ ಕೂತರು.

ಮಗನ ಕಾಲಿಗೆ ಲಾರಿಯ ವಿಮೆ ಪರಿಹಾರ ಕೊಡುತ್ತದೆ. ಅಪ್ಪನನ್ನು ಜಗಲಿಯಾಚೆ ಕೂರಿಸಿದ್ದಕ್ಕೆ ಕೊಡಬೇಕಾದವರು ಯಾರು?