ಮುತ್ತಿ ಬಿಡಿಸಿದ ಅಣ್ಣನ ಮುಖ

ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ಮುತ್ತಿ ಇಪ್ಪತ್ತು ವರ್ಷ ಕಾಫಿ ಕುಯ್ದವಳು. ಕಳೆದ ಜನವರಿಯಲ್ಲಿ ಪಿಕ್ಕಿಂಗ್ ನಡೆಯುತ್ತಿದ್ದಾಗ ಗಿಡಗಳ ನಡುವಿನಿಂದ ಒಂಟಿ ಆನೆ ನುಗ್ಗಿತು. ಮುತ್ತಿ ಚರಂಡಿಗೆ ಬಿದ್ದು ಉಳಿದಳು. ಪಕ್ಕದ ಸಾಲಿನಲ್ಲಿದ್ದ ಅವಳ ಅಣ್ಣ ಬೀರ ಉಳಿಯಲಿಲ್ಲ. ಅಂದಿನಿಂದ ಅವಳ ಬಲಗೈ ನಡುಗತೊಡಗಿತು. ಕೈಗೆ ಏನೂ ಆಗಿಲ್ಲ, ಹೆದರಿಕೆ ಹೋದರೆ ನಡುಕವೂ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಹೆದರಿಕೆ ಹೋಗಲಿಲ್ಲ. ಮುತ್ತಿ ಕೆಲಸದವರ ಸಾಲುಮನೆಗಳಲ್ಲಿ ಒಂದಾದ ತನ್ನ ಲೈನ್‌ಮನೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಪಿಯುಸಿ ಓದುವ ಮಗಳು ನಿಶ್ಮಿತಾ ಮೊಬೈಲ್ ನೋಡಿ ಚುಕ್ಕೆಗಳಿಂದ ಚಿತ್ರ ಮಾಡಲು ಕಲಿಯುತ್ತಿದ್ದಳು. ಒಂದು ದಿನ ಪೆನ್ನನ್ನು ಅಮ್ಮನ ಕೈಗಿಟ್ಟಳು.

"ಕೈ ನಡುಗ್ತದೆ ಮಗಾ, ಹಾಳಾಗ್ತದೆ."

"ಗೆರೆ ಆದ್ರೆ ಹಾಳಾಗ್ತದಮ್ಮ. ಚುಕ್ಕೆ ಒಂಚೂರು ಆಚೀಚೆ ಆದ್ರೂ ನಡೀತದೆ."

ಮೊದಮೊದಲು ಕಾಗದವೇ ತೂತಾಯಿತು. ಮಡಚಿದ ಬಟ್ಟೆಯ ಮೇಲೆ ಮಣಿಕಟ್ಟು ಊರಿ, ಉಸಿರು ಬಿಡುವಾಗ ಒಂದೊಂದೇ ಚುಕ್ಕೆ ಇಡುವುದನ್ನು ಮುತ್ತಿ ತಾನೇ ಕಂಡುಕೊಂಡಳು. ಒತ್ತಾಗಿ ಇಟ್ಟರೆ ನೆರಳು, ಬಿಡಿಯಾಗಿ ಇಟ್ಟರೆ ಬೆಳಕು. ಆಮೇಲೆ ಬೀರನ ಮುಖ ಮಾಡಬೇಕೆಂದಳು. ಮಗಳು ಫೋಟೋ ನೋಡಿ ಪೆನ್ಸಿಲಿನಲ್ಲಿ ತೆಳುವಾಗಿ ಬರೆದುಕೊಟ್ಟಳು. ಹಣೆ, ಕಿವಿ, ಕುರುಚಲು ಗಡ್ಡ ಮೂಡಿದವು. ಕಣ್ಣಿನ ಹತ್ತಿರ ಬಂದಾಗಲೆಲ್ಲ ಆ ದಿನ ಅವನು ತಿರುಗಿ ನೋಡಿದ್ದೇ ನೆನಪಾಗಿ ಪೆನ್ನು ಕೆಳಗಿಡುತ್ತಿದ್ದಳು. ಎಂಟು ದಿನ ಕಣ್ಣಿನ ಜಾಗ ಖಾಲಿಯೇ ಉಳಿಯಿತು.

ಒಂದು ಮಧ್ಯಾಹ್ನ ಫಾರೆಸ್ಟಿನವರ ಜೀಪು ಮೈಕಿನಲ್ಲಿ ಕೂಗುತ್ತ ಹೋಯಿತು: ಆನೆ ಲೈನಿನ ಹಿಂದೆಯೇ ಇದೆ, ಯಾರೂ ಹೊರಗೆ ಬರಬೇಡಿ. ನಿಶ್ಮಿತಾ ಬಸ್ಸಿಳಿದು ನಡೆದು ಬರುವ ಹೊತ್ತು. ಮುತ್ತಿ ಫೋನು ಮಾಡಿದಳು, ಮಗಳು ಎತ್ತಲಿಲ್ಲ. ಹಾಜರಿ, ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಕಿರಣ್‌ಕುಮಾರ್‌ಗೆ ಮಾಡಿದಳು.

"ಸಾರ್, ಮಗಳು ರೋಡಲ್ಲಿದ್ದಾಳೆ."

"ನಾನೇ ಜೀಪ್ ತಗೊಂಡು ಹೋಗ್ತೀನಿ. ನೀನು ಬಾಗಿಲು ತೆಗೀಬೇಡ."

ಗೋಡೆಯಾಚೆ ಬಾಳೆಗಿಡ ಮುರಿದ ಸದ್ದು. ಅತ್ತಿತ್ತ ಓಡಾಡಲೂ ಭಯ. ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ ಅನ್ನಿಸಿ ಮುತ್ತಿ ಪೆನ್ನು ಹಿಡಿದಳು. ಒಂದು ಉಸಿರು, ಒಂದು ಚುಕ್ಕೆ. ಕೈ ನಡುಗುತ್ತಲೇ ಇತ್ತು, ಅವಳು ನಿಲ್ಲಿಸಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ರೈಟರ ಜೀಪು ಬಂತು. ಒಳಗೆ ಬಂದ ಮಗಳನ್ನು ಮುತ್ತಿ ತಬ್ಬಿಕೊಂಡಳು. ಕಾಗದದ ಮೇಲೆ ಎರಡು ಕಣ್ಣುಗಳೂ ಮೂಡಿದ್ದವು. ಎಡಗಣ್ಣು ತುಸು ಹೆಚ್ಚೇ ಕಪ್ಪಾಗಿತ್ತು.

ಮುತ್ತಿ ಮತ್ತೆ ಪಿಕ್ಕಿಂಗಿಗೆ ಹೋಗಲಿಲ್ಲ. ಜೂನಿನಲ್ಲಿ ರೈಟರನ್ನು ಕೇಳಿ ನರ್ಸರಿಯಲ್ಲಿ ಸಸಿಚೀಲಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದಳು. ಚಿತ್ರವನ್ನು ಬೀರನ ಹೆಂಡತಿ ಕುಸುಮಾಗೆ ಕೊಟ್ಟಾಗ ಅವಳು ಬಹಳ ಹೊತ್ತು ನೋಡಿ, ಸೆರಗಿನಿಂದ ಗೋಡೆ ಒರೆಸಿ, ಮೊಳೆ ಹುಡುಕಲು ಒಳಗೆ ಹೋದಳು.