ಗುಲಾಬಸಾಬನ ಮೇಜಿಗೆ ಬಂದ ಮೇಲ್ದವಡೆ

ಕೇಶ್ವಾಪುರದಲ್ಲಿ ಒಂದು ಔಷಧದ ಅಂಗಡಿಯ ಮೇಲಿನ ಖೋಲಿಯಲ್ಲಿ ಗುಲಾಬಸಾಬ ನದಾಫನ ಲ್ಯಾಬ್ ಇದೆ. ಲ್ಯಾಬ್ ಅಂದರೆ ಏನೋ ಅಂದುಕೊಳ್ಳಬೇಡಿ. ಒಂದು ಉದ್ದ ಮೇಜು, ಒಂದು ಗ್ಯಾಸಿನ ಒಲೆ, ಪ್ಲಾಸ್ಟರ್ ಹಿಟ್ಟಿನ ನಾಲ್ಕು ಡಬ್ಬಿ, ಅಷ್ಟೇ. ಊರಿನ ಹಲ್ಲಿನ ಡಾಕ್ಟರರು ರೋಗಿಗಳ ಬಾಯಿಯ ಅಚ್ಚು ತೆಗೆದು, ಅವರು ಕಚ್ಚಿಕೊಟ್ಟ ಮೇಣದ ತುಂಡಿನ ಜೊತೆ ಇಲ್ಲಿಗೆ ಕಳಿಸುತ್ತಾರೆ. ಇವನು ಹಲ್ಲಿನ ಸೆಟ್ಟು, ತಂತಿಯ ಕ್ಲಿಪ್ಪು, ಮಕ್ಕಳ ದವಡೆ ಅಗಲಿಸುವ ಸ್ಕ್ರೂ ಪ್ಲೇಟು ಮಾಡಿಕೊಡುತ್ತಾನೆ. ಅವನ ಅಪ್ಪ ಅರಳೆ ಹಿಂಜಿ ಗಾದಿ ತುಂಬಿದವ. ಇವನು ಹಲ್ಲು ಕಟ್ಟುವುದು ಕಲಿತ. ಮೂವತ್ತೆರಡು ವರ್ಷದಲ್ಲಿ ಎಷ್ಟು ಬಾಯಿಗಳು ಇವನ ಕೈ ದಾಟಿ ಹೋದವೋ, ಒಂದರ ಮುಖವನ್ನೂ ಇವನು ಕಂಡವನಲ್ಲ.

ಮುಖ ಕಾಣದಿದ್ದರೇನು, ಬೈಯಲು ಅಡ್ಡಿಯಿಲ್ಲವಲ್ಲ. ಅಚ್ಚು ಕೈಗೆ ಬಂದರೆ ಸಾಕು, ಆ ಬಾಯಿಯ ಹಿಂದಿನ ಮನೆತನವನ್ನೇ ಓದಿಬಿಡುತ್ತಿದ್ದ: ಇವನು ತಂಬಾಕು ತಿನ್ನುತ್ತಾನೆ, ಇವಳು ರಾತ್ರಿ ಹಲ್ಲು ಕಡಿಯುತ್ತಾಳೆ, ಈ ಹುಡುಗ ಹತ್ತು ವರ್ಷದವರೆಗೆ ಬೆರಳು ಚೀಪಿದ್ದಾನೆ, ಮನೆಯವರು ಬಿಡಿಸಿಲ್ಲ. ಹೆಸರು ಓದುವುದು ಎಲ್ಲಕ್ಕಿಂತ ಕೊನೆಗೆ. ಚೀಟಿಯಲ್ಲಿ ಮೊದಲು ನೋಡುತ್ತಿದ್ದುದು ಅಳತೆ.

ಕಳೆದ ಜೂನ್ ತಿಂಗಳಲ್ಲಿ ನವನಗರದ ಡಾಕ್ಟರ್ ಚಿನ್ಮಯೀ ಅವರಿಂದ ಒಂದು ಪೆಟ್ಟಿಗೆ ಬಂತು. ದವಡೆಯ ಆಪರೇಶನ್ ಮಾಡುವವರು ಅವರು. ಈಗ ಇಂಥ ಕೆಲಸ ಕಂಪ್ಯೂಟರಿನಲ್ಲೂ ಆಗುತ್ತದೆ, ಆದರೆ ಅವರಿಗೆ ಗುಲಾಬಸಾಬನ ಕೈಯ ಮೇಲೆ ಹೆಚ್ಚು ನಂಬಿಗೆ. ಆಪರೇಶನ್ನಿಗೆ ಮೊದಲು ಪ್ಲಾಸ್ಟರಿನ ದವಡೆಯನ್ನು ಇವನು ಗರಗಸದಿಂದ ಕೊಯ್ದು, ಚೀಟಿಯಲ್ಲಿ ಬರೆದಷ್ಟೇ ಸರಿಸಿ ಕೂಡಿಸಬೇಕು. ಆಮೇಲೆ ಆ ಹೊಸ ಜಾಗಕ್ಕೆ ಒಪ್ಪುವ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡುವ ಒಂದು ಪ್ಲಾಸ್ಟಿಕ್ ಪಟ್ಟಿ ಮಾಡಿಕೊಡಬೇಕು. ನಿಜವಾದ ದವಡೆ ಎಲ್ಲಿ ಕೂಡಬೇಕೆಂದು ಡಾಕ್ಟರಿಗೆ ತೋರಿಸುವುದು ಆ ಪಟ್ಟಿಯೇ.

ಮೇಲ್ದವಡೆ ಇಕ್ಕಟ್ಟಾಗಿತ್ತು, ಹಿಂದಕ್ಕೂ ಸರಿದಿತ್ತು. ಕೆಳಗಿನ ಹಲ್ಲು ಮೇಲಿನವನ್ನು ದಾಟಿ ಮುಂದೆ ಬಂದಿದ್ದವು. ನಡುವೆ ಎರಡು ಹೋಳು ಮಾಡಿ, ಹಿಂದಿನ ಭಾಗ ನಾಲ್ಕು ಮಿಲಿಮೀಟರ್ ಅಗಲಿಸಿ, ಪೂರಾ ದವಡೆಯನ್ನು ಐದು ಮಿಲಿಮೀಟರ್ ಮುಂದೆ ತರಬೇಕೆಂದು ಚೀಟಿ ಹೇಳುತ್ತಿತ್ತು. ಗುಲಾಬಸಾಬ ಅಚ್ಚನ್ನು ಬೆಳಕಿಗೆ ಹಿಡಿದು ತನ್ನಷ್ಟಕ್ಕೆ ಬೈದ.

“ಎಂಥಾ ಮಂದಿ ಇರ್ತಾರ. ಸಣ್ಣದಿದ್ದಾಗ ಒಂದು ಸ್ಕ್ರೂ ಹಾಕಿಸಿದ್ರ ಇಷ್ಟು ಆಗತಿತ್ತೇನು? ಇದರ ಅಪ್ಪಗ ಕಣ್ಣ ಇರಲಿಲ್ಲೇನು?”

ಆಮೇಲೆ ಹೆಸರು ಓದಿದ. ಶಾಹೀನ ನದಾಫ, ವಯಸ್ಸು ಇಪ್ಪತ್ನಾಲ್ಕು, ಗೋಪನಕೊಪ್ಪ.

ಅವನ ಮಗಳು.

ಅವನಿಗೆ ಕಣ್ಣಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು, ಮತ್ತು ಕಂಡದ್ದು ಅವನಿಗೆ ಇಷ್ಟವಾಗಿತ್ತು. ಕೇಡು ಇರುವುದೇ ಅಲ್ಲಿ. ಅವನ ತಾಯಿ ತೀರಿಕೊಂಡು ನಾಲ್ಕು ತಿಂಗಳಿಗೆ ಶಾಹೀನ ಹುಟ್ಟಿದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಕೆಳಗಿನ ಗದ್ದ ಅಜ್ಜಿಯಂತೆಯೇ ಮುಂದೆ ಬರತೊಡಗಿತು. ಬಂದ ಬೀಗರೆಲ್ಲ ಹುಡುಗಿಯ ಗಲ್ಲ ಹಿಡಿದು ಮುದುಕಿಯೇ ತಿರುಗಿ ಬಂದಿದ್ದಾಳೆ ಎನ್ನುವರು. ಇವನ ಕಣ್ಣು ತೇವವಾಗುವುದು. ತಾಯಿಯ ಒಂದು ಒಳ್ಳೆಯ ಫೋಟೋ ಕೂಡ ಇರದ ಮನೆಯಲ್ಲಿ ಮಗಳ ಮುಖವೇ ಫೋಟೋ ಆಯಿತು.

ಹುಡುಗಿಗೆ ಹನ್ನೊಂದು ವರ್ಷವಾದಾಗ ಹೆಂಡತಿ ರೆಹಮತ್‌ಬಿ ಒಮ್ಮೆ ಮಾತು ತೆಗೆದಿದ್ದಳು. ಮಗಳು ಮುಂದಿನ ಹಲ್ಲಿನಿಂದ ರೊಟ್ಟಿ ಕಚ್ಚುವುದಿಲ್ಲ, ಎಲ್ಲಾ ಕೈಯಲ್ಲಿ ಹರಿದು ಹರಿದು ತಿನ್ನುತ್ತಾಳೆ, ನೀವೇ ಯಾರಾದರೂ ಡಾಕ್ಟರಿಗೆ ತೋರಿಸಬಾರದೇ ಎಂದು ಕೇಳಿದ್ದಳು. ಅದು ನಮ್ಮವ್ವನ ಗದ್ದ, ಅದಕ್ಕೆ ಯಾರೂ ಕೈ ಹಚ್ಚುವುದು ಬೇಡ ಎಂದು ಇವನು ಸಿಟ್ಟು ಮಾಡಿದ. ಅದೇ ವಾರ ಧಾರವಾಡದ ಮೂರು ಮಕ್ಕಳಿಗೆ ಸ್ಕ್ರೂ ಪ್ಲೇಟು ಮಾಡಿ ಕಳಿಸಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರಿಗೇ.

ಮುಂದೆ ಶಾಹೀನ ನಗುವಾಗ ದುಪಟ್ಟಾದ ಸೆರಗನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಗುಲಾಬಸಾಬ ಅದನ್ನು ಲಿಹಾಜು, ಹಿರಿಯರೆದುರಿನ ನಾಚಿಕೆ ಎಂದು ತಿಳಿದ. ನೋಡಿರಿ, ಹೆಣ್ಣುಮಗಳು ಅಂದರೆ ಹೀಗಿರಬೇಕು, ಹಲ್ಲು ಕಿಸಿದು ನಗುವವಳಲ್ಲ ಎಂದು ನಾಲ್ಕು ಜನರ ಮುಂದೆ ಹೊಗಳಿದ. ಹೊಗಳಿದಾಗಲೆಲ್ಲ ಅವಳು ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ಈಗ ಆ ಹುಡುಗಿ ಸಾಲಿಯಲ್ಲಿ ಟೀಚರ್. ಮಕ್ಕಳಿಗೆ ಕೆಲವು ಅಕ್ಷರ ಸರಿಯಾಗಿ ಹೇಳಿಕೊಡಲು ಬರುತ್ತಿಲ್ಲ, ಸಂಜೆ ಕಿವಿಯ ಬುಡ ನೋಯುತ್ತದೆ. ಮನೆಯಲ್ಲಿ ಹಲ್ಲು ನೆಟ್ಟಗೆ ಮಾಡಿಸುತ್ತೇನೆ ಎಂದಷ್ಟೇ ಹೇಳಿ ಒಂದೂವರೆ ವರ್ಷ ತಂತಿ ಕಟ್ಟಿಸಿಕೊಂಡಿದ್ದಳು. ಹೆಚ್ಚಿಗೆ ಕೇಳಿದರೆ ತಾನು ಸುಮ್ಮನಿದ್ದುದನ್ನೂ ಹೇಳಬೇಕಾಗುತ್ತದೆಂದು ಅವನು ಕೇಳಿರಲಿಲ್ಲ.

ಮರುದಿನ ಗುಲಾಬಸಾಬ ನವನಗರಕ್ಕೆ ಹೋದ. ಚಿನ್ಮಯೀ ಡಾಕ್ಟರು ಕೂಡಿಸಿ ಚಹಾ ತರಿಸಿದರು. ಮಗಳನ್ನು ಸಣ್ಣವಳಿದ್ದಾಗ ತೋರಿಸಿದ್ದರೆ ಹೇಗಿರುತ್ತಿತ್ತು ಎಂದು ಅವನು ಕೇಳಿದ. ಅಂಗುಳದ ನಡುವಿನ ಎಲುಬಿನ ಸಂದು ಆಗ ಇನ್ನೂ ಕೂಡಿಕೊಂಡಿರುವುದಿಲ್ಲ, ಸ್ಕ್ರೂದಿಂದ ಅಗಲವಾಗುತ್ತಿತ್ತು, ಮುಖಕ್ಕೆ ಬೆಲ್ಟ್ ಹಾಕಿ ದವಡೆಯನ್ನು ಮುಂದಕ್ಕೂ ಎಳೆದಿದ್ದರೆ ಚಾಕು ತಪ್ಪುತ್ತಿತ್ತೇನೋ, ಖಾತ್ರಿ ಹೇಳಲಾಗದು ಎಂದರು ಅವರು. ಖಾತ್ರಿ ತಪ್ಪುತ್ತಿತ್ತು ಎಂದಿದ್ದರೆ ಅತ್ತುಬಿಡಬಹುದಿತ್ತು, ಇಲ್ಲ ಎಂದಿದ್ದರೆ ನಿದ್ದೆ ಮಾಡಬಹುದಿತ್ತು. ಈ ‘ಏನೋ’ ಎಂಬುದನ್ನು ಇಟ್ಟುಕೊಂಡು ಅವನು ಏನು ಮಾಡಬೇಕು?

“ಆಕಿನೂ ಇದ ಪ್ರಶ್ನಿ ಕೇಳಿದ್ಲ್ರಿ, ಗುಲಾಬಸಾಬ್ರ,” ಎಂದರು ಡಾಕ್ಟರು. “ನಾ ಉತ್ತರ ಕೊಟ್ಟಿಲ್ಲ. ಅದನ್ನ ನೀವ ಹೇಳ್ಬೇಕು.”

ಮೂರು ದಿನ ಅವನು ಹೇಳಲಿಲ್ಲ. ಮಗಳ ಎದುರು ಉಣ್ಣಲು ಕೂಡಲೂ ಅಂಜಿದ. ಹೇಳಿದರೆ ಅವಳು ಇನ್ನು ತನ್ನ ಮುಖ ನೋಡುತ್ತಾಳೋ ಇಲ್ಲವೋ ಎಂಬುದೊಂದೇ ಹೆದರಿಕೆ.

ರವಿವಾರ ಶಾಹೀನ ತಾನಾಗಿಯೇ ಲ್ಯಾಬಿನ ಮೆಟ್ಟಿಲು ಹತ್ತಿ ಬಂದಳು. ಆಪರೇಶನ್ ಅಂದರೆ ಏನು ಮಾಡುತ್ತಾರೆ, ಅಚ್ಚಿನಲ್ಲಿ ತೋರಿಸಿರಿ ಎಂದಳು. ಕೆಲಸದ ಮಾತಾದ್ದರಿಂದ ಅವನಿಗೆ ಬಾಯಿ ಬಂತು. ಕಪಾಟಿನಿಂದ ಹಳೆಯ ಅಚ್ಚುಗಳನ್ನು ತೆಗೆದು ಒಂದೊಂದೇ ತೋರಿಸಿದ. ಕೆಲವರಿಗೆ ಮುಂದಿನ ಆರು ಹಲ್ಲಿನ ತುಂಡನ್ನಷ್ಟೇ ಕೊಯ್ದು ಹಿಂದೆ ಸರಿಸುತ್ತಾರೆ. ಅದು ಹಲ್ಲು ಉಬ್ಬಿದವರಿಗೆ. ಕೆಲವರಿಗೆ ಎಲುಬಿಗೆ ಸಣ್ಣ ಕೊಯ್ತ ಹಾಕಿ ಸ್ಕ್ರೂ ಕೂಡಿಸಿ, ದಿನಾ ಇಷ್ಟಿಷ್ಟು ತಿರುಗಿಸಿ ಅಗಲಿಸುತ್ತಾರೆ. ಸೀಳುತುಟಿಯವರ ದವಡೆ ತೀರಾ ಹಿಂದಿದ್ದರೆ ಒಮ್ಮೆಲೇ ಬರುವುದಿಲ್ಲ, ಸಲಾಕೆ ಹಚ್ಚಿ ವಾರಗಟ್ಟಲೆ ನಿಧಾನ ಎಳೆಯುತ್ತಾರೆ, ಸಂದಿನಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ. ನಿನಗೆ ಹಲ್ಲಿನ ಬೇರಿನ ಮೇಲೆ ಅಡ್ಡ ಕೊಯ್ದು ಪೂರಾ ದವಡೆ ಬಿಡಿಸುತ್ತಾರೆ, ಎರಡು ಹೋಳು ಮಾಡಿ ಅಗಲಿಸಿ, ಮುಂದೆ ತಂದು ಸಣ್ಣ ಲೋಹದ ಪಟ್ಟಿ, ಸ್ಕ್ರೂಗಳಿಂದ ಕೂಡಿಸುತ್ತಾರೆ. ಎಲ್ಲ ಬಾಯಿಯ ಒಳಗಿನಿಂದಲೇ, ಮುಖದ ಮೇಲೆ ಗಾಯ ಕಾಣುವುದಿಲ್ಲ ಎಂದ.

ಹೇಳುತ್ತ ಹೇಳುತ್ತ ಅವಳ ಅಚ್ಚು ಕೈಯಲ್ಲೇ ಉಳಿಯಿತು. ಅಲ್ಲಿಗೆ ಕೆಲಸದ ಮಾತು ಮುಗಿಯಿತು.

“ಯವ್ವಾ, ನಿನಗ ಹನ್ನೊಂದು ವರ್ಷ ಇದ್ದಾಗ ನಾ ಒಂದು ಪ್ಲೇಟ್ ಮಾಡಿ ಹಾಕಿದ್ರ ಇದು ಬೇಕಾಗತಿರಲಿಲ್ಲೇನೋ. ನನಗ ತಿಳದಿತ್ತು. ನಮ್ಮವ್ವನ ಮುಖ ಮನ್ಯಾಗ ಇರಲಿ ಅಂತ ಸುಮ್ಮನ ಕುಂತ್ನಿ.”

ಶಾಹೀನ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸಿಟ್ಟು ಯಾವಾಗಲೋ ಆರಿಹೋದವರ ಹಾಗೆ ಮಾತಾಡಿದಳು.

“ನನಗ ಗೊತ್ತಿತ್ತಪಾ. ಆರನೇ ಕ್ಲಾಸಿನ್ಯಾಗಿದ್ದಾಗ ನಿಮಗ ಬುತ್ತಿ ತರತಿದ್ದೆನಲ್ಲಾ, ಒಂದಿನ ಈ ಮೇಜಿನ ಮ್ಯಾಲಿದ್ದ ಮೇಣ ಕಚ್ಚಿ, ಉಳದ ಮಂದೀದರ ಜೋಡಿ ಇಟ್ಟು ಹೋದ್ನಿ. ಬಾಯಿಲೆ ಕೇಳಾಕ ಅಂಜಿಕಿ. ಅಚ್ಚು ನೋಡಿದ್ರ ನನಗ ಎಲ್ಲಾ ತಿಳಿತೈತಿ ಅಂತ ನೀವ ಹೇಳತಿದ್ರಿ.”

ಆಮೇಲೆ ಏನಾಯಿತು ಎಂದು ಅವನು ಕೇಳಿದ.

“ಮರುದಿನ ಬಂದಾಗ ನೀವು ಅದನ್ನ ಕರಗಿಸಾಕತ್ತಿದ್ರಿ. ಯಾರದೋ ಸೆಟ್ಟಿಗೆ ಬೇಕಾಗಿತ್ತು.”

ಗುಲಾಬಸಾಬ ಮೇಜಿನ ಅಂಚು ಹಿಡಿದು ಕುಳಿತ. ಆ ವರ್ಷವನ್ನೆಲ್ಲ ತಡಕಾಡಿದ. ಬುತ್ತಿ ತರುತ್ತಿದ್ದ ಹುಡುಗಿ ನೆನಪಾದಳು, ಅವಳ ಎರಡು ಜಡೆ ನೆನಪಾದವು, ಆ ದಿನಗಳ ಡಾಕ್ಟರರ ಹೆಸರುಗಳೂ ನೆನಪಾದವು. ಚೀಟಿ ಇಲ್ಲದ ಮೇಣ ಕೈಗೆ ಸಿಕ್ಕರೆ ಕರಗಿಸುವುದು ಲ್ಯಾಬಿನ ರೂಢಿ. ಅಂಥವು ದಿನಕ್ಕೆ ನಾಲ್ಕು ಸಿಗುತ್ತಿದ್ದವು. ತಾಯಿಯ ಮುಖಕ್ಕಾಗಿ ಮಾಡಿದ ತಪ್ಪಿಗೆ ಕ್ಷಮೆ ಕೇಳಲು ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಆ ಮಾತುಗಳಲ್ಲಿ ಈ ಮೇಣದ ಸುದ್ದಿಯೇ ಇರಲಿಲ್ಲ.

ಶಾಹೀನ ಗರಗಸವನ್ನು ಅವನ ಕೈಗೆ ಕೊಟ್ಟಳು. ಬುಧವಾರ ಡಾಕ್ಟರು ಪಟ್ಟಿ ಕೇಳಿದ್ದಾರೆ, ನಡುವೆ ಸರಿಯಾಗಿ ಕೊಯ್ಯಿರಿ ಎಂದಳು.

ಅವನು ಪೆನ್ಸಿಲಿನಿಂದ ಗೆರೆ ಎಳೆದು ಕೊಯ್ಯತೊಡಗಿದ. ಗರಗಸ ಗೆರೆ ಬಿಟ್ಟು ಹೋಗಲಿಲ್ಲ, ಅಷ್ಟು ವರ್ಷದ ರೂಢಿ ಇತ್ತು. ಕೊಯ್ಯುತ್ತಲೇ ಆ ಮೇಣ ಕರಗಿಸಿದ ಒಂದು ದಿನವನ್ನು ನೆನಪಿನಲ್ಲಿ ಹುಡುಕುತ್ತಿದ್ದ, ಅದು ಅವನಿಗೆ ಸಿಗಲೇ ಇಲ್ಲ.