ಸಿಂಬೆ, ಮೂಟೆ ಮತ್ತು ಕಮಾನು ಸೇತುವೆ

ನಮ್ಮ ತೋಟದ ಕಾಫಿ ಸ್ಟೋರಿನ ಬಾಗಿಲ ಮೊಳೆಗೆ ಒಂದು ಸಿಂಬೆ ನೇತಾಡುತ್ತಿತ್ತು, ಮಿತ್ರರೇ. ತಲೆಗೂ ಕಾಫಿ ಮೂಟೆಗೂ ನಡುವೆ ಇಟ್ಟುಕೊಳ್ಳಲು ಮೂಟೆ ಹೊರುವ ಆಳು ಗಂಗಕ್ಕ ಹಳೆಯ ಸೀರೆಯನ್ನು ಸುರುಳಿ ಸುತ್ತಿ ಮಾಡಿಕೊಂಡದ್ದು. ಹೆತ್ತೂರಿನ ಕಡೆಯಿಂದ ಸಕಲೇಶಪುರಕ್ಕೆ ಹೊರಟ ನಮ್ಮ ಲಾರಿ ಹಳ್ಳದ ಕಲ್ಲುಸೇತುವೆಯ ಮುಂದೆ ನಿಲ್ಲಬೇಕು, ಅರ್ಧ ಮೂಟೆಗಳು ಇಳಿದು ಆಳುಗಳ ತಲೆಯೇರಿ ಆಚೆ ದಡ ಸೇರಿ ಮತ್ತೆ ಲಾರಿ ಹತ್ತಬೇಕು. ಎತ್ತಿನಗಾಡಿಗೆಂದು ಕಟ್ಟಿದ ಸೇತುವೆ ಲಾರಿಯನ್ನು ತಾಳದೆಂಬುದು ಅಜ್ಜನ ಕಾಲದ ಕಟ್ಟಳೆ. ಎಲ್ಲವನ್ನೂ ಎಣಿಸಿ ಬರೆಯುವ ಚಟದ ನಾನು ಇಳಿದ ಪ್ರತಿ ಮೂಟೆಗೂ ಡೈರಿಯಲ್ಲಿ ಗೀಟು ಹಾಕಿದ್ದೇನೆ. ಇಳಿಸಲೇಬೇಕೇ ಎಂದು ಮಾತ್ರ ಬಹುಕಾಲ ಕೇಳಿರಲಿಲ್ಲ.

ಈ ಸಲ ಸೇತುವೆ ಮುಟ್ಟುವಾಗ ಅಕಾಲದ ಮೋಡ ಕವಿದಿತ್ತು. ಲಾರಿಯಲ್ಲಿದ್ದದ್ದು ಒಣಗಿಸಿದ ಇಡೀ ವರ್ಷದ ಕಾಫಿ. ನೆನೆದರೆ ಬೂಸ್ಟು ಹಿಡಿಯುವುದು ಖಂಡಿತ.

"ಟಾರ್ಪಾಲ್ ಬಿಚ್ಚಿದ್ರೆ ಮುಗೀತು ಮಾರಾಯ," ಎಂದ ಡ್ರೈವರ್ ಬಶೀರಣ್ಣ.

"ಸೇತುವೆ ಕುಸಿದ್ರೆ ನೀನೂ ಹೋಗ್ಬುಡ್ತೀಯ ಕಣೋ, ಇಳ್ಸು!" ತೋಟದ ಯಜಮಾನರಾದ ದೊಡ್ಡಪ್ಪ ಗದರಿದರು.

ಗಂಗಕ್ಕ ಸಿಂಬೆ ತಲೆಗಿಟ್ಟುಕೊಂಡು ಗೊಣಗಿದಳು: "ನನ್ ತಲೆ ಸೇತುವೆಗಿಂತ ಗಟ್ಟಿ ಐತೆ ಅಂತ ಯಾರ್ ಹೇಳಿದ್ರು ನಿಮ್ಗೆ?"

ನಾನು ಡೈರಿ ತೆರೆದೆ. ಹಿಂದಿನ ವಾರ ಆ ಸೇತುವೆಯನ್ನು ಪರೀಕ್ಷಿಸಲು ಬಂದಿದ್ದ ಇಂಜಿನಿಯರನ್ನು ಕೇಳಿ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದೆ: ಭಾರ ಬಿದ್ದಷ್ಟೂ ಕಮಾನಿನ ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಒತ್ತುತ್ತವೆ, ಒತ್ತಡ ತಾಳುವುದು ಕಲ್ಲಿನ ಹುಟ್ಟುಗುಣ, ಸೇತುವೆಯ ಸ್ವಂತ ತೂಕದ ಮುಂದೆ ಲಾರಿಯದು ದೊಡ್ಡದಲ್ಲ, ಚಕ್ರದ ಭಾರವೂ ಮೇಲೆ ತುಂಬಿದ ಮಣ್ಣಿನಲ್ಲಿ ಹರಡಿಕೊಂಡೇ ಕಮಾನಿಗೆ ಇಳಿಯುತ್ತದೆ. ಬುಡವನ್ನು ನೀರು ಕೊರೆದಿಲ್ಲ, ತುಂಬಿದ ಲಾರಿ ಧಾರಾಳವಾಗಿ ಹೋಗಬಹುದು. ಕೆಳಗೆ ನನ್ನದೇ ಗೀಟುಗಳು: ಆ ವಾರ ಸೇತುವೆ ದಾಟಿದ ತುಂಬಿದ ಜಲ್ಲಿ ಲಾರಿಗಳು, ಒಂಬತ್ತು.

"ಒಂಬತ್ತಾ? ಬರ್ಕೊಂಡು ಮಡಗಿದ್ರೆ ಆಯ್ತಾ, ಬಾಯಿ ಬಿಡೋಕಾಗಲ್ವಾ?" ಎಂದರು ದೊಡ್ಡಪ್ಪ. ನಾನು ಪುಟ ತಿರುವಿದೆ. ಮೂಟೆ ಒಂದು ಪುಟದಲ್ಲಿ, ಜಲ್ಲಿ ಇನ್ನೊಂದರಲ್ಲಿ. ಎರಡನ್ನೂ ಜೊತೆಗಿಟ್ಟು ನೋಡುವುದು ಎಣಿಸುವವನಿಗೇ ಹೊಳೆದಿರಲಿಲ್ಲ.

ಮೂಟೆ ಇಳಿಸದೆಯೇ ಲಾರಿ ಹೊರಟಿತು. ಭಾರ ಕಮ್ಮಿಯಾಗಲೆಂದೋ ಏನೋ, ದೊಡ್ಡಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮುಂದೆ ನಡೆದರು. ಆಚೆ ದಡ ಸೇರಿದಾಗ ಟಾರ್ಪಾಲಿನ ಮೇಲೆ ಮಳೆ ಪಟಪಟ ಬಿತ್ತು. ಅಡಿಯಲ್ಲಿ ಕಾಫಿ ಬೆಚ್ಚಗಿತ್ತು.

ಆ ಹಳೆಯ ಕಲ್ಲುಕುಟಿಗರು ಲಾರಿಯನ್ನು ಕನಸಿನಲ್ಲೂ ಕಂಡವರಲ್ಲ. ತೆಳ್ಳಗೆ ಲೆಕ್ಕ ಹಾಕಿ ಕಟ್ಟಲು ಬಾರದೆ, ದಪ್ಪ ಕಲ್ಲನ್ನೇ ನಂಬಿ ಕೈಬಿಚ್ಚಿ ಕಟ್ಟಿದರು. ಉಳಿದ ಆ ಧಾರಾಳದ ಮೇಲೆ ನಾವು ಓಡಾಡುತ್ತಿದ್ದೇವೆ. ಭಾರ ಹರಡಿ ಮಣ್ಣು ಕಮಾನಿಗೆ ಮಾಡುವ ಉಪಕಾರವನ್ನೇ ಸಿಂಬೆ ಇಷ್ಟು ವರ್ಷ ಗಂಗಕ್ಕನ ತಲೆಗೆ ಮಾಡಿತ್ತು. ಈಗ ಮೊಳೆ ಖಾಲಿ. ಸಿಂಬೆಯ ಮೇಲೆ ಅವಳು ಕಾಫಿ ಪಾತ್ರೆ ಇಡುತ್ತಾಳೆ. ಇಳಿಸಿದ ಮೂಟೆಗಳ ಪುಟದಲ್ಲಿ ನಾನು ಮೊದಲ ಸಲ ಒಂದು ಸೊನ್ನೆ ಬರೆದೆ, ಸಿಂಬೆಯಷ್ಟೇ ದುಂಡಗೆ.